ಕಾಯಿಸದ ಪುಟ

ಗುಂಡಿ ಒತ್ತಿ, ಎದ್ದು ಹೋಗಿ, ಪ್ಯಾಂಟ್ರಿಯಲ್ಲಿ ನೀರು ಕುದಿಸಿ, ಹಾಲಿಲ್ಲದ ಸುಲೈಮಾನಿ ಚಹಾಕ್ಕೆ ನಿಂಬೆಹಣ್ಣು ಹಿಂಡಿಕೊಂಡು ಮರಳಿ ಬಂದು ಕೂತರೂ ಆ ಪುಟ ಇನ್ನೂ ತೆರೆದುಕೊಂಡಿರುತ್ತಿರಲಿಲ್ಲ. ಪರದೆಯ ಮೇಲ್ಮೂಲೆಯಲ್ಲಿ ಪುಟ್ಟ ಭೂಗೋಳವೊಂದು ತನ್ನ ಪಾಡಿಗೆ ತಿರುಗುತ್ತಿರುತ್ತಿತ್ತು. ಕೆಳಗಿನ ಹಸಿರು ಪಟ್ಟಿ ಅರ್ಧದಾರಿಗೆ ಬಂದು, ಮುಂದೆ ಹೋಗಲೋ ಬೇಡವೋ ಎಂದು ಯೋಚಿಸುತ್ತ ನಿಂತಿರುತ್ತಿತ್ತು. ಎರಡು ಸಾವಿರದ ಇಸವಿ ದಾಟಿದ ಆ ಮೊದಲ ವರ್ಷಗಳಲ್ಲಿ ಕಂಪ್ಯೂಟರಿನ ಮುಂದೆ ಕೂತವರಾದರೆ ನಿಮಗೆ ಈ ಕಾಯುವಿಕೆಯ ಪರಿಚಯ ಇದ್ದೇ ಇರುತ್ತದೆ. ಆದರೆ ನಾನು ಹೇಳುತ್ತಿರುವ ಪುಟ ಇನ್ಯಾರೋ ಬರೆದದ್ದಲ್ಲ, ನಾನೇ ಬರೆದದ್ದು. ಅದರ ಮುಂದೆ ಕಾಯುತ್ತಿದ್ದವರೂ ಹಾಡು ಕೇಳುವುದಕ್ಕೋ ಕ್ರಿಕೆಟ್ಟಿನ ಸ್ಕೋರು ನೋಡುವುದಕ್ಕೋ ಬಂದವರಲ್ಲ, ತಮ್ಮವರಿಗೆ ರಕ್ತ ಬೇಕೆಂದು ಕೇಳಲು ಬಂದವರು.

ಮೈಸೂರಿನಲ್ಲಿ ಕಂಪ್ಯೂಟರ್ ಓದಿಕೊಂಡಿದ್ದ ನಾನು ಮದುವೆಯಾಗಿ ಮಸ್ಕತ್ತಿಗೆ ಬಂದವಳು. ನನ್ನ ಪತಿ ರಘು ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಎಂಜಿನಿಯರು; ಮನೆ ಅಲ್ ಅಜೈಬಾದಲ್ಲಿ. ಬಂದ ಕೆಲವು ತಿಂಗಳಿಗೆ ನನಗೂ ಖುರುಮ್‌ನಲ್ಲಿ ವೆಬ್‌ಸೈಟುಗಳನ್ನು ಮಾಡಿಕೊಡುವ ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನನಗೆ ದೊರೆತ ದೊಡ್ಡ ಭಾಗ್ಯ ಗಿರಿಜಕ್ಕ. ಹುಬ್ಬಳ್ಳಿಯವರು, ವಯಸ್ಸಿನಲ್ಲಿ ನನಗಿಂತ ಸಾಕಷ್ಟು ಹಿರಿಯರು, ನಮ್ಮ ಕಂಪನಿಯ ಸರ್ವರುಗಳೆಲ್ಲ ಅವರ ಸುಪರ್ದಿನಲ್ಲಿದ್ದವು. ಎ.ಸಿ.ಯ ಚಳಿಗೆ ಶಾಲು ಹೊದ್ದು, ಮೇಜಿನ ಡ್ರಾಯರಿನಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ ಇಟ್ಟುಕೊಂಡು, ಕನ್ನಡಕದ ಮೇಲಿಂದ ಪರದೆಯನ್ನು ದಿಟ್ಟಿಸುತ್ತ ಕೂತಿರುತ್ತಿದ್ದ ಅವರು ಸರ್ವರನ್ನು ಮನೆಯ ಹಿರಿಮಗನೆಂಬಂತೆ 'ಇವ' ಎಂದೇ ಕರೆಯುತ್ತಿದ್ದರು. ಇವ ಇವತ್ತು ಯಾಕೋ ಮಂಕಾಗಿದ್ದಾನೆ, ಇವನಿಗೆ ಬಹಳ ಹೊರೆಯಾಗಿದೆ ಎಂದೆಲ್ಲ ಅವರು ಹೇಳುವಾಗ ಗೋಡೆಯಾಚೆಯ ಆ ಕಬ್ಬಿಣದ ಪೆಟ್ಟಿಗೆಯ ಬಗ್ಗೆ ನನಗೂ ಕನಿಕರ ಹುಟ್ಟುತ್ತಿತ್ತು.

ಊರಿನ ಭಾರತೀಯ ಸ್ವಯಂಸೇವಕರ ಗುಂಪೊಂದು ಒಮ್ಮೆ ನಮ್ಮಲ್ಲಿಗೆ ಬಂತು. ಯಾರಿಗಾದರೂ ತುರ್ತಾಗಿ ರಕ್ತ ಬೇಕಾದಾಗ ದಾನಿಗಳಿಗೆಲ್ಲ ಒಂದೇ ಸಲ ಸುದ್ದಿ ಮುಟ್ಟಿಸುವ ಏರ್ಪಾಡು ಅವರಿಗೆ ಬೇಕಿತ್ತು. ಅಲ್ಲಿಯವರೆಗೆ ಅವರು ಫೋನಿನ ಮೇಲೆ ಫೋನು ಮಾಡುತ್ತ ದಣಿದಿದ್ದರು. ನಮ್ಮ ಕಫೀಲರು, ಅಂದರೆ ಕಂಪನಿಯ ಒಡೆಯರಾದ ಒಮಾನಿ ಹಿರಿಯರು, ಒಳ್ಳೆಯ ಕೆಲಸಕ್ಕೆ ನಮ್ಮ ಸರ್ವರಿನಲ್ಲೇ ಜಾಗ ಕೊಡೋಣ ಎಂದರು. ಪುಟ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ರೋಗಿ ಇರುವ ಆಸ್ಪತ್ರೆ, ಬೇಕಾದ ರಕ್ತದ ಗುಂಪು, ಜೊತೆಗಿರುವವರ ಫೋನ್ ನಂಬರು, ಇಷ್ಟನ್ನು ತುಂಬಿ ಗುಂಡಿ ಒತ್ತಿದರೆ ನಾನು ಬರೆದ ಸ್ಕ್ರಿಪ್ಟು, ಅಂದರೆ ಕಂಪ್ಯೂಟರಿಗೆ ಕೊಟ್ಟ ಆಜ್ಞೆಗಳ ಸಾಲು, ದಾನಿಗಳ ಹೆಸರುಗಳನ್ನು ಒಂದೊಂದಾಗಿ ಎತ್ತಿಕೊಂಡು ಪ್ರತಿಯೊಬ್ಬರಿಗೂ ಮಿಂಚಂಚೆಯನ್ನೂ ಮೊಬೈಲ್ ಸಂದೇಶವನ್ನೂ ಕಳಿಸಿ, ಎಲ್ಲ ಮುಗಿದ ಮೇಲೆ 'ಕಳಿಸಿದ್ದೇವೆ, ಧನ್ಯವಾದ' ಎಂಬ ಪುಟವನ್ನು ತೋರಿಸುತ್ತಿತ್ತು. ಗುಂಪು ಯಾವುದೇ ಇರಲಿ, ಸುದ್ದಿ ಎಲ್ಲರಿಗೂ ಹೋಗಬೇಕೆಂದು ಸ್ವಯಂಸೇವಕರು ಕೇಳಿದ್ದರು. ತನ್ನದು ಹೊಂದದಿದ್ದರೂ ಹೊಂದುವವರೊಬ್ಬರು ಮನೆಯಲ್ಲೋ ಪಕ್ಕದ ಮೇಜಿನಲ್ಲೋ ಇರಬಹುದಲ್ಲ ಎಂಬುದು ಅವರ ತರ್ಕ. ಆ ತರ್ಕದ ಬೆಲೆ ನನಗೆ ಆಗ ತಿಳಿದಿರಲಿಲ್ಲ.

ದಾನಿಗಳು ಬೆರಳೆಣಿಕೆಯಷ್ಟಿದ್ದಾಗ ಎಲ್ಲವೂ ಚೆನ್ನಾಗಿಯೇ ನಡೆಯಿತು. ಹೆಸರುಗಳು ಬೆಳೆದಂತೆ ಪುಟ ಭಾರವಾಯಿತು. ಒಂದೊಂದು ಸಂದೇಶಕ್ಕೂ ಒಂದಿಷ್ಟು ಹೊತ್ತು ಹಿಡಿಯುತ್ತಿತ್ತು. ಎಲ್ಲವೂ ಮುಗಿಯುವವರೆಗೆ ಕೇಳಿದವರು ತಿರುಗುವ ಭೂಗೋಳವನ್ನೇ ನೋಡುತ್ತ ಕೂರಬೇಕು. ಆತಂಕದಲ್ಲಿರುವವರು ಎಷ್ಟು ಹೊತ್ತು ಕೂತಾರು? ಕೆಲವರು ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದರು, ದಾನಿಗಳಿಗೆ ಒಂದೇ ಸುದ್ದಿ ಮೇಲಿಂದ ಮೇಲೆ ಹೋಗುತ್ತಿತ್ತು. ಕೆಲವರು ಕೆಟ್ಟುಹೋಗಿದೆ ಎಂದುಕೊಂಡು ಕಿಟಕಿ ಮುಚ್ಚಿ ಎದ್ದುಬಿಡುತ್ತಿದ್ದರು.

ಹೀಗಿರುವಾಗ ನಮ್ಮ ಎದುರು ಮನೆಯ ಜುಬೇದಾ ಒಂದು ಸಂಜೆ ಕಟ್ಟೆಯ ಮೇಲೆ ಕೂತು ದೂರು ತೆಗೆದಳು. ಮಂಗಳೂರಿನ ಬ್ಯಾರಿ ಹೆಣ್ಣುಮಗಳು, ನಗುನಗುತ್ತಲೇ ಚುಚ್ಚಬಲ್ಲವಳು. "ನಾನು ಹೆಸರು ಕೊಟ್ಟು ವರ್ಷ ಆಗ್ತಾ ಬಂತು ಮಾರಾಯ್ತಿ, ಒಂದು ಮೆಸೇಜೂ ಇಲ್ಲ. ನನ್ನ ರಕ್ತ ಯಾರಿಗೂ ಬೇಡ ಅಂತ ಉಂಟಾ?" ಎಂದಳು. ಮಾತು ತಮಾಷೆಯದೇ ಆದರೂ ನನಗೆ ಅದು ತಲೆಯಲ್ಲಿ ಉಳಿಯಿತು. ಎಲ್ಲರಿಗೂ ಹೋಗುವ ಸಂದೇಶ ಇವಳೊಬ್ಬಳಿಗೆ ಯಾಕೆ ಹೋಗುತ್ತಿಲ್ಲ?

ಮರುದಿನ ಆಫೀಸಿನಲ್ಲಿ ಹುಡುಕಿದಾಗ ಉತ್ತರ ಸಿಕ್ಕಿತು. ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿದ್ದವು, ಝಡ್ ಅಕ್ಷರದಿಂದ ಶುರುವಾಗುವ ಜುಬೇದಾ ಕಟ್ಟಕಡೆಯವಳು. ಕೇಳಿದವರು ಬೇಸತ್ತು ಪುಟ ಮುಚ್ಚಿದರೆ ನನ್ನ ಸ್ಕ್ರಿಪ್ಟು ಅಲ್ಲೇ ಸತ್ತುಹೋಗುತ್ತಿತ್ತು. ಅವರು ತಾಳ್ಮೆಯಿಂದ ಕಾದರೂ ಪುಟ ತೋರಿಸುವ ಸ್ಕ್ರಿಪ್ಟು ಇಷ್ಟೇ ಹೊತ್ತು ನಡೆಯಬೇಕೆಂದು ಸರ್ವರಿಗೆ ಇದ್ದ ಕಟ್ಟಳೆ ಅದನ್ನು ನಡುದಾರಿಯಲ್ಲಿ ನಿಲ್ಲಿಸುತ್ತಿತ್ತು. ಅನಿತಾಗಳಿಗೂ ಬಷೀರ್‌ಗಳಿಗೂ ತಪ್ಪದೆ ತಲುಪುತ್ತಿದ್ದ ಕರೆ ಸಾಲಿನ ಕೊನೆಯಲ್ಲಿ ನಿಂತವರ ಬಳಿಗೆ ಹೋಗುತ್ತಲೇ ಇರಲಿಲ್ಲ. ಕೊಡಲು ಸಿದ್ಧರಾಗಿ ಕೂತವರು ಅಲ್ಲಿ, ಬೇಕೆಂದು ಬೇಡುವವರು ಇಲ್ಲಿ. ನಡುವೆ ನನ್ನ ಪುಟ ಉಸಿರುಗಟ್ಟಿ ನಿಂತಿತ್ತು.

ಉಪಾಯವೇನೋ ಹೊಳೆಯಿತು. ಕೆಲಸವನ್ನು ಎರಡು ಮಾಡಿದೆ. ಪುಟದ ಸ್ಕ್ರಿಪ್ಟು ಕೋರಿಕೆಯನ್ನು ಬರೆದಿಟ್ಟುಕೊಂಡು ಕೇಳಿದವರಿಗೆ ಕೂಡಲೇ ಉತ್ತರ ಕೊಡಬೇಕು; ಸಂದೇಶ ಕಳಿಸುವ ಕೆಲಸವನ್ನು ಹಿನ್ನೆಲೆಯಲ್ಲಿ ನಡೆಯುವ ಇನ್ನೊಂದು ಸ್ಕ್ರಿಪ್ಟಿಗೆ ವಹಿಸಬೇಕು. ಆಜ್ಞೆಯ ಕೊನೆಗೊಂದು ಚಿಹ್ನೆ ಹಾಕಿದರೆ ಅದು ಹಿಂದಕ್ಕೆ ಸರಿದು ತನ್ನ ಪಾಡಿಗೆ ನಡೆಯುತ್ತದೆಂದು ಓದಿದ್ದೆ. ಹಾಕಿದೆ. ಗುಂಡಿ ಒತ್ತಿದೆ. ಭೂಗೋಳ ಮೊದಲಿನಂತೆಯೇ ತಿರುಗುತ್ತ ನಿಂತಿತು. ಅಕ್ಷರ ಅಕ್ಷರವನ್ನೂ ತಿದ್ದಿ ನೋಡಿದೆ. ಕೆಲಸವನ್ನು ಹಿಂದಕ್ಕೆ ಕಳಿಸಿದ ಮೇಲೂ ಪುಟ ಯಾಕೆ ಕಾಯುತ್ತಿದೆ ಎಂಬುದು ನನಗೆ ಬಗೆಹರಿಯದೆ ಕೊನೆಗೆ ಗಿರಿಜಕ್ಕನನ್ನು ಕರೆದೆ.

ಅವರು ಶಾಲು ಸರಿಪಡಿಸಿಕೊಂಡು ಬಂದು, ನಾನು ಬರೆದ ಸಾಲನ್ನು ಒಮ್ಮೆ ಓದಿ, ಸಮಾಧಾನದಿಂದ ಹೇಳಿದರು: "ನೀ ಅದನ್ನ ಹಿಂದಕ್ಕ ಕಳಿಸೀದಿ ಖರೆ, ಸುಮಾ. ಆದ್ರ ಅದು ಏನ್ ಹೇಳತದೋ ಅಂತ ಇನ್ನೂ ಕಿವಿ ಹಚ್ಚಿ ಕುಂತೀದಿ. ನೀ ಕೇಳೂದು ಬಿಡೂ ತನಕಾ ಈ ಪುಟ ಏಳೂದಿಲ್ಲ."

ಸಂಗತಿ ಇಷ್ಟೇ. ಹಿಂದೆ ನಡೆಯುವ ಸ್ಕ್ರಿಪ್ಟು ಆಗಾಗ ತನ್ನ ವರದಿಯನ್ನು ಉಸುರುತ್ತಿರುತ್ತದೆ. ಆ ವರದಿ ಎಲ್ಲಿಗೆ ಹೋಗಬೇಕೆಂದು ಹೇಳದಿದ್ದರೆ ಅದು ತನ್ನನ್ನು ಕಳಿಸಿದವರತ್ತಲೇ ಬರುತ್ತದೆ. ಕಳಿಸಿದವರು ಕಡೆಯ ಮಾತಿನವರೆಗೂ ಕೇಳುತ್ತ ಕೂರುತ್ತಾರೆ. ಅದರ ಮಾತಿಗೆ ಬೇರೆ ದಾರಿ ತೋರಿಸಿಬಿಟ್ಟರೆ ಇಬ್ಬರಿಗೂ ಬಿಡುಗಡೆ. ಗಿರಿಜಕ್ಕ ಆ ಸಾಲಿನ ಕೊನೆಗೆ ಪುಟ್ಟದೊಂದು ತುಂಡು ಸೇರಿಸಿ, ಮಾತೂ ತಪ್ಪಿನ ದೂರೂ ಎರಡೂ ಒಂದು ಕಡತಕ್ಕೆ ಹೋಗಿ ಬೀಳುವಂತೆ ಮಾಡಿದರು. ಗಾಳಿಗೇ ಬಿಟ್ಟುಬಿಡಬಹುದಲ್ಲ ಎಂದು ನಾನು ಕೇಳಿದ್ದಕ್ಕೆ, ಯಾರ ಕಣ್ಣಿಗೂ ಬೀಳದೆ ಮಾಡುವ ಕೆಲಸವನ್ನು ದಿನಕ್ಕೊಮ್ಮೆಯಾದರೂ ಯಾರಾದರೂ ನೋಡಬೇಕು, ಇಲ್ಲವಾದರೆ ಅದು ನಿಂತದ್ದೂ ತಿಳಿಯುವುದಿಲ್ಲ ಎಂದರು. ಗುಂಡಿ ಒತ್ತಿದೆ. ಬೆರಳು ತೆಗೆಯುವಷ್ಟರಲ್ಲಿ ಪುಟ ತೆರೆದಿತ್ತು.

ನಾನು ಹಿಗ್ಗುತ್ತಿದ್ದರೆ ಅವರ ಕಣ್ಣು ಪುಟದ ಮೇಲಿನ ಒಕ್ಕಣೆಯ ಮೇಲೆ ನೆಟ್ಟಿತ್ತು. ಪುಟ ಇದ್ದದ್ದು ಇಂಗ್ಲಿಷಿನಲ್ಲಿ. ನಮ್ಮ ಚರ್ಚೆ ಮಾತ್ರ ಕನ್ನಡದಲ್ಲಿ. "ಕಳಿಸಿದ್ದೇವೆ ಅಂತ ಯಾಕ ಬರದಿ? ಇನ್ನೂ ಕಳಿಸಿಲ್ಲಲ್ಲ. ಕಳಿಸಾಕತ್ತೇವಿ ಅಂತ ಬರಿ. ಮಂದಿ ಆಸ್ಪತ್ರಿಯಾಗ ಕುಂತು ಓದತಾರ ಇದನ್ನ" ಎಂದರು. ನಿಜವೇ ಆಗಿತ್ತು. ಕೆಲಸ ಮುಗಿಯುವವರೆಗೂ ಕಾಯಿಸುತ್ತಿದ್ದಾಗ 'ಕಳಿಸಿದ್ದೇವೆ' ಎಂಬುದು ಸತ್ಯವಾಗಿತ್ತು. ಕಾಯಿಸದೆ ಕಳಿಸುವ ಈ ಹೊಸ ಏರ್ಪಾಡಿನಲ್ಲಿ ಅದೇ ಮಾತು ಸುಳ್ಳು. ವ್ಯಾಕರಣದ ಪಾಠದಲ್ಲಿ ಭೂತಕಾಲ, ವರ್ತಮಾನಕಾಲಗಳನ್ನು ಬಾಯಿಪಾಠ ಮಾಡಿದ್ದೆನಾದರೂ ಅವೆರಡರ ನಡುವಿನ ಅಂತರ ಒಬ್ಬ ಮನುಷ್ಯನ ಎದೆಬಡಿತಕ್ಕೆ ಸಂಬಂಧಿಸಿದ್ದೆಂದು ತಿಳಿದದ್ದು ಅಂದೇ. 'ನಿಮ್ಮ ಕೋರಿಕೆ ನಮಗೆ ತಲುಪಿದೆ. ದಾನಿಗಳಿಗೆ ತಿಳಿಸುತ್ತಿದ್ದೇವೆ. ನೀವು ಈ ಪುಟ ಮುಚ್ಚಬಹುದು' ಎಂದು ಬರೆದೆ. ಕಡೆಯ ವಾಕ್ಯ ಗಿರಿಜಕ್ಕ ಸೇರಿಸಲು ಹೇಳಿದ್ದು.

ಮುಂದಿನ ವಾರವೇ ಜುಬೇದಾಳ ಮೊಬೈಲಿಗೆ ಮೊದಲ ಕರೆ ಬಂತು. ಅವಳು ಹೋಗಿ ರಕ್ತ ಕೊಟ್ಟು ಬಂದು, ತೋಳಿನ ಹತ್ತಿಯನ್ನು ಎಲ್ಲರಿಗೂ ತೋರಿಸುತ್ತ ಓಡಾಡಿದಳು. ನಾನು ಬೇರೆ ಕೆಲಸಗಳಲ್ಲಿ ಮುಳುಗಿದೆ. ಪುಟ ತನ್ನ ಪಾಡಿಗೆ ನಡೆಯುತ್ತಿತ್ತು. ನಡೆಯುವುದನ್ನು ನಾವು ಮರೆಯುತ್ತೇವೆ, ನಿಂತದ್ದನ್ನು ಮಾತ್ರ ನೆನೆಯುತ್ತೇವೆ. ನಲ್ಲಿಯಲ್ಲಿ ನೀರು ಬರುತ್ತಿರುವವರೆಗೆ ಸಮುದ್ರದ ಉಪ್ಪನ್ನು ಬೇರ್ಪಡಿಸಿ ಕಳಿಸುವವರ ನೆನಪು ಈ ಊರಿನಲ್ಲಿ ಯಾರಿಗಿರುತ್ತದೆ, ಹೇಳಿ.

ಒಂದು ವರ್ಷ ಕಳೆಯಿತು. ನಾನು ಗರ್ಭಿಣಿಯಾಗಿದ್ದೆ. ಹೊಟ್ಟೆಯಲ್ಲಿ ಮಾಸು ಬಹಳ ಕೆಳಗೆ ಕೂತಿದೆ, ಹೆರಿಗೆಗೆ ಶಸ್ತ್ರಚಿಕಿತ್ಸೆಯೇ ಆಗಬೇಕು, ರಕ್ತಸ್ರಾವ ಆಗಬಹುದು ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ನನ್ನದು ಓ ನೆಗೆಟಿವ್ ರಕ್ತ, ಸುಲಭಕ್ಕೆ ಸಿಗುವಂಥದ್ದಲ್ಲ. ಇನ್ನೂ ದಿನವಿದೆ, ಮುಂದಿನ ವಾರ ಏರ್ಪಾಡು ಮಾಡಿದರಾಯಿತು ಎಂದುಕೊಂಡಿದ್ದಾಗಲೇ ಒಂದು ಬೆಳಿಗ್ಗೆ, ರಘು ಕೆಲಸಕ್ಕೆ ಹೋದ ಸ್ವಲ್ಪ ಹೊತ್ತಿಗೆ, ರಕ್ತ ಕಾಣಿಸಿಕೊಂಡಿತು. ಕೂಗಿದ್ದಕ್ಕೆ ಜುಬೇದಾ ಓಡಿ ಬಂದಳು. ಕಾರಿನ ಹಿಂದಿನ ಸೀಟಿನಲ್ಲಿ ನನ್ನನ್ನು ಮಲಗಿಸಿ, ಒಂದು ಕೈ ಹಿಂದಕ್ಕೆ ಚಾಚಿ ನನ್ನ ಮೊಣಕಾಲನ್ನು ಹಿಡಿದುಕೊಂಡೇ ಗಾಡಿ ಓಡಿಸಿದಳು. ಬಾಯಲ್ಲಿ ಅವಳ ಪ್ರಾರ್ಥನೆ ಇತ್ತು. ನಡುನಡುವೆ ದಾರಿ ಬಿಡದ ಕಾರುಗಳವರಿಗೆ ಬೈಗುಳವೂ ಇತ್ತು.

ಮುಂದಿನದೆಲ್ಲ ಆಮೇಲೆ ರಘುವಿನಿಂದಲೂ ಜುಬೇದಾಳಿಂದಲೂ ಕೇಳಿ ತಿಳಿದದ್ದು. ಸ್ರಾವ ಸದ್ಯಕ್ಕೆ ಹತೋಟಿಗೆ ಬಂದಿದೆ, ಆದರೆ ಶಸ್ತ್ರಚಿಕಿತ್ಸೆಯನ್ನು ಬಹಳ ಮುಂದೂಡುವಂತಿಲ್ಲ, ಈ ಗುಂಪಿನ ರಕ್ತ ಸಂಗ್ರಹದಲ್ಲಿ ಬಹಳ ಕಡಿಮೆ ಇದೆ, ದಾನಿಗಳನ್ನು ಇವತ್ತೇ ಕರೆಸಿ ಎಂದು ವೈದ್ಯರು ಹೇಳಿದರಂತೆ. ಜುಬೇದಾ ರಘುವಿಗೆ ಫೋನು ಮಾಡಿದಳು. ಅವರು ಆಫೀಸಿನ ಕಂಪ್ಯೂಟರಿನಲ್ಲಿ ನನ್ನ ಪುಟವನ್ನು ತೆರೆದರು. ಹೆಂಡತಿ ಬರೆದ ಪುಟ ಎಂದು ಗೆಳೆಯರಿಗೆ ತೋರಿಸಲು ಎಷ್ಟೋ ಸಲ ತೆರೆದಿದ್ದರು, ಬೇಕಾಗಿ ತೆರೆದದ್ದು ಅದೇ ಮೊದಲು. ಆಸ್ಪತ್ರೆಯ ಹೆಸರು, ಗುಂಪು, ತಮ್ಮ ನಂಬರು ತುಂಬಿ ಗುಂಡಿ ಒತ್ತುವ ಹೊತ್ತಿಗೆ ಜುಬೇದಾಳ ಎರಡನೆಯ ಫೋನು ಬಂತು: ಸಹಿ ಬೇಕಂತೆ, ಕೂಡಲೇ ಬನ್ನಿ. 'ನೀವು ಈ ಪುಟ ಮುಚ್ಚಬಹುದು' ಎಂಬ ಸಾಲು ಕಣ್ಣಿಗೆ ಬಿತ್ತು, ಕಂಪ್ಯೂಟರ್ ಆರಿಸಿ ಓಡಿ ಬಂದೆ ಎಂದು ರಘು ಹೇಳಿದರು. ಹಳೆಯ ಏರ್ಪಾಡಿನಲ್ಲಿ ಅವರು ಹಾಗೆ ಎದ್ದು ಓಡಿದ್ದರೆ ಕರೆ ಅಲ್ಲಿಗೇ ನಿಂತುಬಿಡುತ್ತಿತ್ತು. ಕರೆ ಸಾಗಲಿ ಎಂದು ಕೂತಿದ್ದರೆ ನನ್ನ ಬಳಿ ಇರುತ್ತಿರಲಿಲ್ಲ. ಅವರು ಕಾರಿನಲ್ಲಿ ಹೆದ್ದಾರಿಯ ಮೇಲಿದ್ದಾಗ ಖುರುಮ್‌ನ ಆ ಪೆಟ್ಟಿಗೆ ಯಾರ ಕಾವಲೂ ಇಲ್ಲದೆ ಒಬ್ಬೊಬ್ಬರ ಬಾಗಿಲನ್ನೂ ತಟ್ಟುತ್ತ ನಡೆದಿತ್ತು.

ಮಧ್ಯಾಹ್ನದ ಹೊತ್ತಿಗೆ ರಘುವಿಗೆ ಫೋನುಗಳು ಬರತೊಡಗಿದವು. ಅವುಗಳಲ್ಲೊಂದು ಯೂಸುಫ್ ಎಂಬ ಒಮಾನಿ ತರುಣನದು. ಯೂಸುಫನ ಹೆಸರು ನಮ್ಮ ಸಾಲಿನ ಬಾಲದಲ್ಲಿ, ಜುಬೇದಾಳಿಗಿಂತ ಸ್ವಲ್ಪವೇ ಮುಂದೆ ಇದ್ದದ್ದು. ಹಳೆಯ ಸ್ಕ್ರಿಪ್ಟು ಅವನನ್ನು ಎಂದೂ ಮುಟ್ಟಿರಲಿಲ್ಲ. ಅವನ ರಕ್ತದ ಗುಂಪು ಬೇರೆ. ಆದರೆ ಅಲ್ ಹೈಲ್‌ನಲ್ಲಿರುವ ಅವನ ಅಕ್ಕ ಶಂಸಾಳದು ಓ ನೆಗೆಟಿವ್. ಅಕ್ಕನನ್ನು ಕರೆತರುತ್ತಿದ್ದೇನೆ, ಎಲ್ಲಿಗೆ ಬರಬೇಕು ಎಂದು ಕೇಳಲು ಫೋನು ಮಾಡಿದ್ದ. ಇನ್ನೂ ಕೆಲವರು ಬಂದರು, ಕೊಟ್ಟರು, ಹೆಸರೂ ಹೇಳದೆ ತಮ್ಮ ತಮ್ಮ ಕೆಲಸಕ್ಕೆ ಮರಳಿದರು. ಎರಡು ದಿನದ ಮೇಲೆ ಶಸ್ತ್ರಚಿಕಿತ್ಸೆಯಾಯಿತು. ವೈದ್ಯರು ಹೆದರಿದ್ದಂತೆಯೇ ಸ್ರಾವ ಹೆಚ್ಚಾಗಿ, ಆ ಅಪರಿಚಿತರ ರಕ್ತವನ್ನು ನನ್ನ ಮೈಗೆ ಏರಿಸಿದರು. ನಾನು ಕಣ್ಣು ಬಿಟ್ಟಾಗ ಮಗಳು ಪಕ್ಕದಲ್ಲಿದ್ದಳು. ಆ ಪುಟ ಇರದಿದ್ದರೆ ಏನಾಗುತ್ತಿತ್ತೆಂದು ನಾನು ಹೇಳಲಾರೆ. ಆಸ್ಪತ್ರೆಯವರು ಬೇರೆ ಕಡೆಯಿಂದ ತರಿಸಿ ಉಳಿಸಿಕೊಳ್ಳುತ್ತಿದ್ದರೋ ಏನೋ. ಆದರೆ ನಡೆದದ್ದು ಹೀಗೆ. ನನ್ನ ಕೃತಜ್ಞತೆ ನಡೆದದ್ದಕ್ಕೆ ಸಲ್ಲುತ್ತದೆ.

ಮಗಳಿಗೆ ಮೂರು ತಿಂಗಳು ತುಂಬಿದ ಮೇಲೆ ರಘು ಯೂಸುಫನ ಫೋನು ನಂಬರು ಹುಡುಕಿ, ಬರಬಹುದೇ ಎಂದು ಕೇಳಿಕೊಂಡರು; ನಾವು ಅಲ್ ಹೈಲ್‌ನ ಅವರ ಮನೆಗೆ ಹೋದೆವು. ಶಂಸಾ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಖರ್ಜೂರ, ಹಲ್ವಾ, ಏಲಕ್ಕಿ ಘಮಘಮಿಸುವ ಅರಬ್ಬಿ ಕಾಫಿ ಕಹವಾ ಎಲ್ಲವನ್ನೂ ನಮ್ಮ ಮುಂದೆ ಹರಡಿ, ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡುಬಿಟ್ಟಳು. ಇಂಗ್ಲಿಷೂ, ನಮ್ಮ ದೇಶದ ನೆರೆಹೊರೆಯವರಿಂದ ಕಲಿತ ಹಿಂದಿಯೂ ಬೆರೆತ ಮಾತು ಅವಳದು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಧನ್ಯವಾದದ ಮಾತುಗಳನ್ನು ಅರ್ಧ ಹೇಳುವಷ್ಟರಲ್ಲಿ ಅವಳು ತಲೆಯಾಡಿಸಿ ತಡೆದಳು.

ತನಗೆ ಸೂಜಿಯೆಂದರೆ ಚಿಕ್ಕಂದಿನಿಂದ ಪ್ರಾಣಭಯವಿತ್ತೆಂದೂ, ತನ್ನನ್ನು ಕೇಳದೆಯೇ ಒಪ್ಪಿಕೊಂಡ ತಮ್ಮನ ಮೇಲೆ ಸಿಟ್ಟು ಮಾಡಿಕೊಂಡೇ ಆಸ್ಪತ್ರೆಗೆ ಬಂದೆನೆಂದೂ, ಬಾಗಿಲಿನಿಂದಲೇ ಹಿಂದಿರುಗಲು ನಿರ್ಧರಿಸಿದ್ದೆನೆಂದೂ ಅವಳು ಹೇಳಿದಳು. ಆಮೇಲೆ ರಘುವಿನತ್ತ ಕೈ ತೋರಿಸಿ, "ಇವರು ಒಂದು ಜೊತೆ ಹೆಂಗಸರ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಯಾಕೆಂದು ಕೇಳಿದೆ. ಅವಳು ಮನೆಗೆ ನಡೆದು ಹೋಗುವಾಗ ಬೇಕಾಗುತ್ತದೆ ಅಂದರು. ಆಮೇಲೆ ನನಗೆ ಸೂಜಿಯ ನೆನಪಾಗಲಿಲ್ಲ" ಎಂದಳು.

ಚಪ್ಪಲಿಯ ವಿಷಯ ನನಗೆ ಗೊತ್ತಿರಲಿಲ್ಲ. ಜುಬೇದಾಳ ಕಾರಿನಲ್ಲಿ ನಾನು ಬಿಟ್ಟಿದ್ದ ಚಪ್ಪಲಿ ಅವು. ರಘು ಕಹವಾದ ಪುಟ್ಟ ಬಟ್ಟಲಿನೊಳಗೆ ಏನನ್ನೋ ಹುಡುಕುವವರಂತೆ ತಲೆ ತಗ್ಗಿಸಿ ಕೂತಿದ್ದರು. ಮದುವೆಯಾದ ಅಷ್ಟು ವರ್ಷಗಳಲ್ಲಿ ಆ ಮನುಷ್ಯ ನನ್ನೆದುರು ಒಂದು ಪ್ರೀತಿಯ ಮಾತನ್ನು ಬಾಯಿಬಿಟ್ಟು ಆಡಿದವರಲ್ಲ. ಅಷ್ಟರಲ್ಲಿ ಯೂಸುಫ್ ಮಾತು ಬದಲಿಸಿ, ಅಕ್ಕನ ಹೆಸರನ್ನೂ ದಾನಿಗಳ ಸಾಲಿಗೆ ಸೇರಿಸಿಕೊಳ್ಳಿ ಎಂದ. ಶಂಸಾ ಬೇಡವೆನ್ನಲಿಲ್ಲ.

ರಕ್ತ ಪಡೆದವಳಾದ್ದರಿಂದ ನಾನು ವರ್ಷ ಕಳೆಯುವವರೆಗೆ ಕೊಡುವಂತಿರಲಿಲ್ಲ. ಆ ಗಡುವು ಮುಗಿದು ಎಷ್ಟೋ ದಿನಗಳಾದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ನನ್ನ ಮೊಬೈಲ್ ಸದ್ದು ಮಾಡಿತು. ಓ ನೆಗೆಟಿವ್ ಬೇಕು, ಇಂಥ ಆಸ್ಪತ್ರೆ, ಇಂಥ ನಂಬರು. ನಾನೇ ಜೋಡಿಸಿದ್ದ ವಾಕ್ಯಗಳು; ಆದರೂ ಅವು ನನ್ನ ಹೆಸರು ಹಿಡಿದು ಬಂದಾಗ ಯಾರೋ ಬರೆದ ಪತ್ರ ಓದಿದಂತಾಯಿತು. ರಘು ಸೈಟಿನ ಕೆಲಸಕ್ಕೆ ಸೊಹಾರ್‌ಗೆ ಹೋಗಿದ್ದರು. ಗಿರಿಜಕ್ಕನಿಗೆ ಫೋನು ಮಾಡಿದೆ. ಅವರು ಮರು ಪ್ರಶ್ನೆ ಕೇಳದೆ ಬಂದು ಮಗಳನ್ನು ಎತ್ತಿಕೊಂಡರು. ಹೆರಿಗೆಯಾದ ಮೇಲೆ ಕೆಲಸಕ್ಕೆ ಮರಳಿರದ ನಾನು ಅವಳನ್ನು ಬಿಟ್ಟು ಅಷ್ಟು ಹೊತ್ತು ಹೊರಗೆ ಹೋದದ್ದು ಅದೇ ಮೊದಲು. ಬಾಗಿಲಲ್ಲಿ ನಿಂತು, ಹಾಲಿನ ಹದ, ನಿದ್ದೆಯ ಹೊತ್ತು, ಅತ್ತರೆ ಯಾವ ಗೊಂಬೆ ಎಂದೆಲ್ಲ ಹೇಳುತ್ತಲೇ ಇದ್ದ ನನ್ನನ್ನು ಅವರು ಹೆಚ್ಚುಕಡಿಮೆ ಹೊರಗೆ ತಳ್ಳಿದರು.

ರಕ್ತ ತೆಗೆದುಕೊಳ್ಳುವ ಕೋಣೆಯಲ್ಲಿ ಕೇರಳದ ನರ್ಸೊಬ್ಬಳು ನನ್ನ ತೋಳಿಗೆ ಪಟ್ಟಿ ಕಟ್ಟುತ್ತ, ರೋಗಿ ನಿಮ್ಮ ಸಂಬಂಧಿಕರೇ ಎಂದು ಕೇಳಿದಳು. ಅಲ್ಲ ಎಂದೆ. ಪರಿಚಯದವರೇ ಎಂದಳು. ಅವರು ಯಾರೆಂದೇ ನನಗೆ ಗೊತ್ತಿಲ್ಲ ಎಂದೆ. ಅವಳಿಗೆ ಅದು ದಿನವೂ ಕೇಳುವ ಉತ್ತರವಿರಬೇಕು. ತಲೆಯಾಡಿಸಿ ಸೂಜಿ ಎತ್ತಿಕೊಂಡಳು. ನನಗೆ ಮಾತ್ರ ಆ ಉತ್ತರ ಕೊಡುವ ಸರದಿ ಬಂದದ್ದೇ ಒಂದು ದೊಡ್ಡ ಕೊಡುಗೆಯೆನಿಸಿ, ಛಾವಣಿಯನ್ನು ನೋಡುತ್ತ ಮಲಗಿದ್ದವಳಿಗೆ ಕಣ್ಣು ತುಂಬಿ ಬಂತು. ನೋಯುತ್ತಿದೆಯೇ ಎಂದು ನರ್ಸು ಕೇಳಿದಳು. ಇಲ್ಲ ಎಂದೆ.

ಮರಳುವಾಗ ದಾರಿಯುದ್ದಕ್ಕೂ ನನ್ನ ಮನಸ್ಸು ಮನೆಯಲ್ಲೇ ಇತ್ತು. ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿರುತ್ತಾಳೆ, ಗಿರಿಜಕ್ಕನಿಗೆ ಸಾಕುಸಾಕಾಗಿರುತ್ತದೆ ಎಂದುಕೊಳ್ಳುತ್ತ ಮೆಟ್ಟಿಲು ಹತ್ತಿದೆ. ಮನೆ ಸದ್ದಿಲ್ಲದೆ ತಣ್ಣಗಿತ್ತು. ಮಗಳು ಬೆರಳು ಬಾಯಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದಳು. ಗಲ್ಲದ ಮೇಲೆ ಮೊಸರನ್ನದ ಒಂದು ಅಗುಳು ಒಣಗಿ ಅಂಟಿತ್ತು. ಬಹಳ ಅತ್ತಳೇ ಎಂದು ಮೆಲ್ಲಗೆ ಕೇಳಿದೆ.

"ಇಲ್ಲ ಸುಮಾ, ಅಳಲಿಲ್ಲ. ನಿನ್ನ ಕೇಳಲೂ ಇಲ್ಲ" ಎಂದರು ಗಿರಿಜಕ್ಕ.

ಹೆತ್ತವಳಿಗೆ ಅದನ್ನು ಕೇಳಿ ಚೂರು ಕಸಿವಿಸಿಯಾಗದೆ ಇರುತ್ತದೆಯೇ, ಆಯಿತು. ಅದನ್ನು ಮುಚ್ಚಿಕೊಳ್ಳಲೆಂದೇ, ನಿಮಗೆ ಊಟಕ್ಕೆ ಹೊತ್ತಾಯಿತು, ಅನ್ನಕ್ಕಿಡುತ್ತೇನೆ ಎಂದು ಸೆರಗು ಸಿಕ್ಕಿಸಿ ಅಡುಗೆಮನೆಯತ್ತ ಹೊರಟೆ. ಗಿರಿಜಕ್ಕ ನನ್ನ ರಟ್ಟೆ ಹಿಡಿದು ಕುರ್ಚಿಯ ಕಡೆಗೆ ತಿರುಗಿಸಿದರು. ಅನ್ನ ಆಗಲೇ ಆಗಿತ್ತು. ಬೇಳೆಯ ಒಗ್ಗರಣೆಯ ವಾಸನೆ ನನಗೆ ಆಗಷ್ಟೇ ಮೂಗಿಗೆ ಬಡಿಯಿತು.

"ರಕ್ತಾ ಕೊಟ್ಟು ಬಂದೀದಿ. ಸುಮ್ನ ಕುಂಡ್ರು, ನಾ ಬಡಸತೇನಿ" ಎಂದರು.

ನಾನು ಕುಳಿತೆ.